ಪುಟ ನಲವತ್ತೊಂದರ ಮನೆ ನಂಬರು

ವಿಜ್ಞಾನಿಗಳ ಮರುನೇಮಕ ಕಚೇರಿಯ ಮುಖ್ಯಾಧಿಕಾರಿಗಳೇ,

ಕಳೆದ ಶನಿವಾರ ಮಧ್ಯಾಹ್ನ ನೀವು ಅಚ್ಚು ಹಾಕಿಸಿದ ಕೈಪಿಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ಮೂವರು ನಮ್ಮ ಮನೆಗೆ ಬಂದರು. ನನ್ನ ಅಣ್ಣನ ಬಲಗೈಯನ್ನು ಬಾಗಿಲ ಸಂದಿಗಿಟ್ಟು ಬಾಗಿಲು ಜಡಿದರು. ಒಂದು ಸಲವಲ್ಲ, ಮೂರು ಸಲ. ನಾಲ್ಕು ಬೆರಳು ಜಜ್ಜಿಹೋಗಿವೆ. ಪತ್ರವನ್ನು ‘ಮಾನ್ಯರೇ’ ಎಂದು ಶುರು ಮಾಡಬೇಕೆಂಬುದು ನನಗೂ ಗೊತ್ತು. ಆ ಪದ ಬರೆಯಲು ಹೋದಾಗಲೆಲ್ಲ ಮೂಳೆ ಮುರಿದ ಸದ್ದು ಕೇಳಿಸುತ್ತಿದೆ, ಅದಕ್ಕೇ ಬಿಟ್ಟಿದ್ದೇನೆ.

ನನ್ನ ಅಣ್ಣ ಯಾರು ಎಂದು ನಿಮಗೆ ನೆನಪಿರಲಾರದು. ಒಂಬತ್ತು ವರ್ಷ ಸರ್ಕಾರಿ ಔಷಧ ಪ್ರಯೋಗಾಲಯದಲ್ಲಿದ್ದವನು. ಉಬ್ಬಸದ ಮಕ್ಕಳು ಒಂದು ಉಸಿರು ಎಳೆದರೆ ಸಾಕು, ಔಷಧಿ ಶ್ವಾಸಕೋಶದ ತಳ ಮುಟ್ಟಬೇಕು, ಅಷ್ಟು ನುಣ್ಣನೆಯ ಪುಡಿ ಮಾಡುವುದು ಅವನ ವಿದ್ಯೆ. ಎರಡು ವರ್ಷದ ಹಿಂದೆ ನೀವು ಆ ಪ್ರಯೋಗಾಲಯಕ್ಕೆ ಬೀಗ ಹಾಕಿದಿರಿ. ಔಷಧಿಯ ಜಾಗದಲ್ಲಿ ವಿಷವಿಟ್ಟರೆ ಅದೇ ವಿದ್ಯೆ ಒಂದು ಬಡಾವಣೆಯನ್ನು ಮಲಗಿಸಬಲ್ಲದು. ಇದು ನಿಮಗೆ ತಿಳಿದಿತ್ತು. ತಿಳಿದಿದ್ದರಿಂದಲೇ ತಾನೆ ನಿಮ್ಮ ಕಚೇರಿ ಹುಟ್ಟಿದ್ದು? ಕೆಲಸ ಕಳೆದುಕೊಂಡ ವಿಜ್ಞಾನಿಗಳು ಆಯುಧ ಮಾಡುವವರ ಕೈಗೆ ಸಿಗದಂತೆ ನೋಡಿಕೊಳ್ಳುವುದೇ ತಾನೆ ನಿಮ್ಮ ಹೊಣೆ?

ಅದಕ್ಕೆ ನೀವು ಕಂಡುಕೊಂಡ ಉಪಾಯವನ್ನು ಮೆಚ್ಚಲೇಬೇಕು. ಎಂಬತ್ತೆಂಟು ವಿಜ್ಞಾನಿಗಳ ಹೆಸರು, ಅವರವರು ಬಲ್ಲ ವಿದ್ಯೆ, ಮನೆ ವಿಳಾಸ ಎಲ್ಲವನ್ನೂ ಪುಟಕ್ಕೊಬ್ಬರಂತೆ ಅಚ್ಚು ಹಾಕಿಸಿ ಕೇಳಿದವರಿಗೆಲ್ಲ ಹಂಚಿದಿರಿ. ಕೆಲಸ ಕೊಡುವವರಿಗೆ ಹುಡುಕಲು ಸುಲಭವಾಗಲಿ ಎಂದು! ಕುರಿ ಕಾಯುವವನು ತೋಳಕ್ಕೆ ದೊಡ್ಡಿಯ ದಾರಿ ಬರೆದುಕೊಟ್ಟ ಹಾಗೆ. ಔಷಧ ಕಂಪನಿಯವರು ಒಬ್ಬರೂ ಬರಲಿಲ್ಲ. ಯಾರು ಬಂದರು ಎಂಬುದನ್ನು ಮೇಲೆ ಹೇಳಿದ್ದೇನೆ.

ನಾನು ಕಾಲೇಜು ಮೆಟ್ಟಿಲು ಹತ್ತಿದವಳಲ್ಲ. ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಅಲ್ಲಿಗೆ ಬರುವ ಕರಪತ್ರಗಳನ್ನು ಓದಿಯೇ ಲೋಕ ಕಲಿತವಳು. ನಿಮ್ಮ ಕೈಪಿಡಿ ಅಚ್ಚಾದದ್ದೂ ನಮ್ಮಲ್ಲೇ. ಅಣ್ಣನ ಪುಟ ನಲವತ್ತೊಂದು. ನಿಮ್ಮ ಗುಮಾಸ್ತರು ಮನೆ ನಂಬರು ತಪ್ಪು ಕೊಟ್ಟಿದ್ದರು. ಹದಿನಾರರ ಬದಲು ಅರವತ್ತೊಂದು. ನಮ್ಮ ಬೀದಿಯಲ್ಲಿ ಮನೆಗಳಿರುವುದೇ ಮೂವತ್ತು. ಅಣ್ಣನಿಗೆ ಬರುವ ಕೆಲಸದ ಪತ್ರ ದಾರಿ ತಪ್ಪಬಾರದಲ್ಲ ಎಂದು ನಾನೇ ಕೆಂಪು ಶಾಯಿಯಲ್ಲಿ ತಿದ್ದಿದೆ. ತಿದ್ದಿ, ಮನೆಗೆ ಬಂದು ಜಂಬದಿಂದ ಹೇಳಿಕೊಂಡೆ ಕೂಡ. ಬೆನ್ನು ತಟ್ಟಿದ್ದ ಅಣ್ಣ. ಆಗ ಅವನ ಬಲಗೈ ಸರಿಯಿತ್ತು.

ಬಂದವರಲ್ಲಿ ಮಾತಾಡಿದವನು ಬಹಳ ಮರ್ಯಾದಸ್ಥ. ಚಪ್ಪಲಿ ಹೊರಗೆ ಬಿಟ್ಟು ಬಂದ. ಕೈಪಿಡಿಯಲ್ಲಿ ಅಣ್ಣನ ಪುಟದ ಮೂಲೆ ಮಡಚಿತ್ತು.

“ಪುಸ್ತಕ ಚೆನ್ನಾಗಿ ಮಾಡಿದಾರೆ ಸಾರ್. ಎಲ್ಲೂ ಅಲೆದಾಡೋ ಹಾಗೇ ಇಲ್ಲ,” ಅಂದ. “ಬನ್ನಿ, ನಿಮಗೆ ತಕ್ಕ ಕೆಲಸ ಇದೆ.”

“ಏನು ಪುಡಿ ಮಾಡ್ಬೇಕು?” ಅಣ್ಣ ಕೇಳಿದ.

“ಅದನ್ನ ನಾವು ಕೊಡ್ತೀವಿ. ನೀವು ನುಣ್ಣಗೆ ಮಾಡಿಕೊಟ್ರೆ ಸಾಕು.”

“ನನ್ನಿಂದಾಗಲ್ಲ. ಎದ್ದು ಹೋಗಿ.”

ಆಮೇಲೆ ಬಾಗಿಲು. ನನ್ನನ್ನು ಒಬ್ಬ ಗೋಡೆಗೆ ಒತ್ತಿ ಹಿಡಿದಿದ್ದ. ಅವನ ಮುಂಗೈಯನ್ನು ಕಚ್ಚಿದೆ, ಬಾಯಿ ತುಂಬ ರಕ್ತ ಬಂತು, ಆದರೂ ಅವನು ಬಿಡಲಿಲ್ಲ. ಹೋಗುವಾಗ ಆ ಮರ್ಯಾದಸ್ಥ ಚಪ್ಪಲಿ ಮೆಟ್ಟುತ್ತ ಹೇಳಿದ: “ನಮಗೆ ಬೇಕಾಗಿರೋದು ನಿಮ್ಮ ತಲೆ ಸಾರ್, ಕೈ ಅಲ್ಲ. ಗುರುವಾರ ಬರ್ತೀವಿ. ಇಲ್ಲ ಅನ್ನೋ ಮೊದ್ಲು ತಂಗಿ ಬಗ್ಗೆ ಸ್ವಲ್ಪ ಯೋಚನೆ ಮಾಡಿ.”

ಪುಟ ನಲವತ್ತು ಯಾರದೆಂದು ತೆಗೆದು ನೋಡಿ. ಅಣ್ಣನ ಜೊತೆ ಒಂದೇ ಮೇಜಿನಲ್ಲಿ ಕೆಲಸ ಮಾಡಿದವರು. ಅವರೂ ಒಲ್ಲೆ ಎಂದಿದ್ದರು. ಎರಡು ವಾರದ ಹಿಂದೆ ಕಾಲುವೆಯಲ್ಲಿ ಸಿಕ್ಕರು, ಕೈಗಳನ್ನು ಬೆನ್ನ ಹಿಂದೆ ತಂತಿಯಲ್ಲಿ ಬಿಗಿದಿತ್ತು. ಪುಟ ನಲವತ್ತೆರಡರವರು ಭಾನುವಾರವೇ ಮನೆ ಖಾಲಿ ಮಾಡಿ ಆ ಜನರ ಕಾರಿನಲ್ಲೇ ಹೊರಟುಹೋದರು. ಅವರ ಮೊಮ್ಮಗಳಿಗೆ ಐದು ವರ್ಷ. ನಾನು ಅವರನ್ನು ಬಯ್ಯಲಾರೆ. ಬಯ್ಯಬೇಕಾದವರು ಯಾರೆಂದು ನನಗೆ ಗೊತ್ತಿದೆ.

ಠಾಣೆಯಲ್ಲಿ “ಹೊಡೆದವರ ವಿಳಾಸ ಏನಮ್ಮಾ?” ಎಂದು ಕೇಳಿದರು. ಅವರ ವಿಳಾಸಕ್ಕೆ ಯಾರೂ ಕೈಪಿಡಿ ಮಾಡಿಲ್ಲವಲ್ಲ! ಸೋಮವಾರ ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ. ನಿಮ್ಮ ಗುಮಾಸ್ತರು ಅಕ್ಕರೆಯಿಂದಲೇ ಮಾತಾಡಿದರು: “ಪುಸ್ತಕ ಬೇಕಿತ್ತಾ? ಎಲ್ಲಾ ಖಾಲಿ ಆಯ್ತಮ್ಮ. ಅಷ್ಟು ಬೇಡಿಕೆ ನೋಡಿ! ಎರಡನೇ ಮುದ್ರಣಕ್ಕೆ ಕೊಟ್ಟಿದೀವಿ.”

ಹೌದು, ಕೊಟ್ಟಿದ್ದೀರಿ. ಅದರ ಕರಡು ನನ್ನ ಮೇಜಿಗೇ ಬಂತು. ಸತ್ತವರ ಪುಟ ತೆಗೆದು ಹೊಸಬರೊಬ್ಬರನ್ನು ಸೇರಿಸಿದ್ದೀರಿ. ಅಣ್ಣನ ಪುಟ ಹಾಗೇ ಇತ್ತು, ಮನೆ ನಂಬರು ಹದಿನಾರು. ನಿಮ್ಮ ಮುನ್ನುಡಿಯೂ ಹಾಗೇ ಇತ್ತು: ‘ಈ ಜ್ಞಾನ ದುಷ್ಟರ ಪಾಲಾಗದಿರಲಿ.’ ಅದರಲ್ಲಿ ತಿದ್ದಲು ಒಂದು ತಪ್ಪೂ ಸಿಗಲಿಲ್ಲ.

ನಿಮ್ಮ ಮನೆ ವಿಳಾಸವೂ ನನ್ನ ಬಳಿ ಇದೆ. ನಿಮ್ಮ ಮಗಳ ಮದುವೆಯ ಪತ್ರಿಕೆ ಅಚ್ಚಾದದ್ದು ನಮ್ಮಲ್ಲೇ. ಪುಟ ನಲವತ್ತೊಂದರಲ್ಲಿ ಆ ವಿಳಾಸ ಕೂರಿಸಲು ನನಗೆ ಎರಡು ನಿಮಿಷ ಸಾಕಾಗಿತ್ತು. ನಿನ್ನೆ ಪೆನ್ನು ಕೈಗೆತ್ತಿಕೊಂಡೂ ಇದ್ದೆ. ಹೆದರಬೇಡಿ, ಕೆಳಗಿಟ್ಟೆ. ಒಂದು ಸರಿಯಾದ ವಿಳಾಸ ಏನು ಮಾಡಬಲ್ಲದೆಂದು ನಾನು ನೋಡಿದ್ದೇನೆ, ನೀವು ನೋಡಿಲ್ಲ. ಅದರ ಬದಲು ಇಡೀ ಕರಡನ್ನು ಒಲೆಗೆ ಹಾಕಿದೆ. ಕೆಲಸ ಹೋದರೆ ಹೋಗಲಿ.

ನನಗೆ ಬೇಕಾದದ್ದು ಇಷ್ಟು. ಗುರುವಾರದೊಳಗೆ ಹಂಚಿದ ಕೈಪಿಡಿಗಳನ್ನೆಲ್ಲ ಹಿಂದಕ್ಕೆ ಪಡೆಯಿರಿ. ಎಂಬತ್ತೇಳು ಬಾಗಿಲುಗಳಿಗೂ ಕಾವಲು ಹಾಕಿ. ಎಲ್ಲಕ್ಕಿಂತ ಮೊದಲು ಆ ಪ್ರಯೋಗಾಲಯದ ಬೀಗ ತೆಗೆದು ಅವರನ್ನು ಅವರ ಮೇಜುಗಳಿಗೆ ವಾಪಸು ಕರೆಯಿರಿ. ಕಾವಲುಗಾರನೊಬ್ಬನಿಂದ ಇದು ನಿಲ್ಲುವುದಿಲ್ಲ. ಏಕೆಂದು ಹೇಳುತ್ತೇನೆ. ಇವತ್ತು ಬೆಳಿಗ್ಗೆ ಅಣ್ಣನ ಕೈಗೆ ಕಟ್ಟಿದ ಪಟ್ಟಿ ಬದಲಿಸುತ್ತಿದ್ದೆ. ಎರಡು ವರ್ಷದಲ್ಲಿ ನಿಮಗೆ ಹನ್ನೊಂದು ಅರ್ಜಿ ಬರೆದು ಒಂದಕ್ಕೂ ಉತ್ತರ ಕಾಣದವನು ಆ ಬಾಗಿಲನ್ನೇ ನೋಡುತ್ತ ಮೆಲ್ಲಗೆ ಹೇಳಿದ:

“ಅವರಿಗಾದ್ರೂ ನಾನು ಬೇಕಲ್ಲೇ.”

ಗುರುವಾರಕ್ಕೆ ಇನ್ನು ಎರಡೇ ದಿನವಿದೆ. ಅಣ್ಣ ಏನು ಹೇಳುತ್ತಾನೋ ನನಗೆ ಗೊತ್ತಿಲ್ಲ. ಅದಕ್ಕೂ ಮೊದಲು ನೀವೇನಾದರೂ ಹೇಳಿ.

ಇಂತಿ,
ಮನೆ ನಂಬರನ್ನು ಸರಿಪಡಿಸಿದ ತಪ್ಪಿಗಾಗಿ ಅಣ್ಣನ ಮುಖ ನೋಡಲಾರದ
ಕರಡು ತಿದ್ದುವವಳು