ಸಂಜೆಗೆ ಇಳಿಯುವ ರೆಪ್ಪೆ

೧೨ ಜೂನ್ ೧೯೩೬, ಮಧುಗಿರಿ
ಬೆಳಗ್ಗೆ ಡಿಸ್ಪೆನ್ಸರಿ. ಚಳಿಜ್ವರ, ಕಜ್ಜಿ, ಕ್ವಿನೈನ್ ಕಹಿ ಅಂತ ಜಗಳ. ಎಂದಿನಂತೆ. ಸಂಜೆ ಮತ್ತೆ ಎಡಗಣ್ಣಿನ ರೆಪ್ಪೆ ಇಳಿಯಿತು. ದಾಕ್ಷಾಯಣಿ ನಕ್ಕಳು — "ಏನ್ರೀ, ಯಾರಿಗೆ ಕಣ್ಣು ಹೊಡೀತಿದೀರಿ?" ನಾನೂ ನಕ್ಕೆ. ಅವಳು ಒಳಗೆ ಹೋದ ಮೇಲೆ, ಮೆಡಿಕಲ್ ಕಾಲೇಜಿನಲ್ಲಿ ಕೊಂಡಿದ್ದ ಪುಸ್ತಕ ತೆಗೆದೆ. ಮಯಸ್ತೀನಿಯಾ — ಹೊತ್ತೇರಿದಂತೆ ಸ್ನಾಯು ಸೋಲುವ ರೋಗ. ಬಲು ಅಪರೂಪ. ಔಷಧವಿಲ್ಲ. ಮೊದಲು ರೆಪ್ಪೆ, ಆಮೇಲೆ ದವಡೆ, ಮಾತು, ಕೊನೆಗೆ ಉಸಿರು. ಅಪರೂಪದ್ದು ನನಗೇ ಬರಬೇಕೆ!

೩ ಜುಲೈ
ಪುಸ್ತಕ ಮತ್ತೆ ಓದಿದೆ. ಅದೇ ಇದೆ. ನನ್ನ ಹುಚ್ಚು, ಅಚ್ಚಾದದ್ದು ಬದಲಾಗುತ್ತದೆಯೆ? ಅವಳಿಗಿನ್ನೂ ಇಪ್ಪತ್ತು. ನನ್ನ ಬಾಯಿಗೆ ಗಂಜಿ ಹಾಕಿ ಹಾಕಿ, ಆಮೇಲೆ ತಾಳಿ ತೆಗೆದು... ಬೇಡ. ನಿಜ ಹೇಳಿದರೆ ಬಿಟ್ಟು ಹೋಗುವವಳಲ್ಲ.

೯ ಜುಲೈ
"ನಿನ್ನ ಕಂಡರೆ ನನಗಾಗೋಲ್ಲ, ತೌರಿಗೆ ಹೋಗು" ಅಂದೆ. ಬೆಳಗ್ಗೆಯೇ ಅಂದೆ. ಈಚೆಗೆ ಸಂಜೆ ನಾಲಿಗೆಯೂ ತೊಡರುತ್ತದೆ; ಆಗ ಅಂದಿದ್ದರೆ ಗುಟ್ಟು ಬಯಲಾಗುತ್ತಿತ್ತು. ಅವರಪ್ಪ ಬಂದು ಕಳ್ಳಂಬೆಳ್ಳಕ್ಕೆ ಕರೆದೊಯ್ದರು. ಅವಳು ತಿರುಗಿ ನೋಡಲಿಲ್ಲ. ಮನೆ ಬಿಕೋ ಅನ್ನುತ್ತಿದೆ. ಒಬ್ಬನೇ ಕೂತು ಅತ್ತೆ.

೨೦ ಫೆಬ್ರವರಿ ೧೯೩೮
ಈಗ ಎರಡೂ ರೆಪ್ಪೆ. ಅನ್ನ ಅಗಿಯಲು ದವಡೆ ಸೋಲುತ್ತದೆ. ಅಡುಗೆಯ ಕದರಮ್ಮ: "ಅಗಿಯೋದ್ಯಾಕೆ ಸೋಮಿ, ಮುದ್ದೆ ನುಂಗ್ಬುಡಿ." ನುಂಗುತ್ತಿದ್ದೇನೆ. ಇನ್ನೂ ಬದುಕಿದ್ದೇನೆ — ಪುಸ್ತಕದವರ ಕ್ಷಮೆ ಇರಲಿ. ಸಂಜೆ ಯಾರೊಡನೆಯೂ ಮಾತಿಲ್ಲ. ರಜಕ್ಕೆ ಬರೆದಿದ್ದೇನೆ.

೪ ಮಾರ್ಚ್
ನನ್ನ ಬದಲಿಗೆ ಬೆಂಗಳೂರಿಂದ ಡಾಕ್ಟರು ರೇಣುಕಯ್ಯ ಬಂದರು. ಕಣ್ಣು ನೋಡಿದವರೇ, "ಪ್ರಾಸ್ಟಿಗ್ಮಿನ್ ತಗೊಳ್ತಿಲ್ವೆ ಸಾರ್?" ಹೆಸರೇ ಕೇಳಿರಲಿಲ್ಲ. "ಇದಕ್ಕೆ ಕೊಡೋಕೆ ಶುರುವಾಗಿ ಮೂರು ವರ್ಷ ಆಯ್ತಲ್ಲ!"
ಮೂರು ವರ್ಷ. ಅವಳು ಹೋಗಿ ಎರಡೂ ತುಂಬಿಲ್ಲ. ನಾನು ನಂಬಿದ್ದು ೧೯೧೧ರ ಪುಸ್ತಕ.

೧೧ ಮಾರ್ಚ್
ಔಷಧ ತರಿಸಿದರು. ಚುಚ್ಚಿದರು. ಅರ್ಧ ಗಂಟೆಯೊಳಗೆ ರೆಪ್ಪೆ ಎದ್ದಿತು. ಸಂಜೆ ಹೊತ್ತು, ತಲೆ ಹಿಂದಕ್ಕೆ ವಾಲಿಸದೆ, ಬೆಟ್ಟವನ್ನು ತುದಿಯವರೆಗೆ ನೋಡಿದೆ. ಎಷ್ಟು ಕಾಲವಾಗಿತ್ತು! ಅವಳಿಗೆ ಹೇಳಬೇಕು. ಎಲ್ಲ ಹೇಳಬೇಕು.

೧೩ ಮಾರ್ಚ್
ಕಳ್ಳಂಬೆಳ್ಳಕ್ಕೆ ಹೋಗಿ ಬಂದೆ. ಜಗಲಿಯಲ್ಲಿ ನಿಂತೇ ಹೇಳಿದೆ — ಕಾಯಿಲೆ, ಪುಸ್ತಕ, ನನ್ನ ಸುಳ್ಳು. ಪೂರ್ತಿ ಕೇಳಿಸಿಕೊಂಡಳು.
"ಸಾಯ್ತೀನಾ ಅಂತ ಪುಸ್ತಕಾನ ಕೇಳಿದ್ರಿ. ಇರ್ತೀಯಾ ಅಂತ ನನ್ನ ಒಂದು ಮಾತು ಕೇಳಿದ್ರಾ?"
ಒಳಗೆ ಹೋದಳು. ಕುಡಿಯಲು ನೀರು ಕಳಿಸಿದಳು. ತಾನು ಬರಲಿಲ್ಲ.

೧೪ ಮಾರ್ಚ್, ಸಂಜೆ
ಇಂಜೆಕ್ಷನ್ ಆಯಿತು. ಅನ್ನ ಅಗಿದು ಉಂಡೆ. ಕದರಮ್ಮ ಮನೆಗೆ ಹೋದಳು. ಬಾಯಿಬಿಟ್ಟು "ದಾಕ್ಷಾಯಣಿ" ಅಂದು ನೋಡಿದೆ. ಒಂದಕ್ಷರವೂ ತೊಡರಲಿಲ್ಲ. ಇನ್ನು ಸಂಜೆಯೂ ಮಾತಾಡಬಹುದು. ಮಾತಾಡೋಣವೆಂದರೆ —