ಗಣಿಯ ಹೊಂಡದ ನೀರುನಾಯಿಗಳು

ಕಾಪಿಟ್, ಸರವಾಕ್
19 ಜನವರಿ 2025

ರತ್ನಾಕರರಿಗೆ,

ವಾರಿಜಾಕ್ಷಿಯ ನಮಸ್ಕಾರ. ಬೇರೆಯಾಗಿ ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ಮೂರನೇ ಮಾತಿಗೇ ಜಗಳಕ್ಕೆ ಬೀಳುತ್ತೇವೆ, ಅದಕ್ಕೇ ಕಾಗದ. ಪುಚೊಂಗ್ ಮನೆಗೆ ನೀವು ದಿನಾ ಮಾಮಾಕ್ ಹೋಟೆಲಿನಿಂದ ಊಟ ತಪಾವ್ ಕಟ್ಟಿಸಿಕೊಂಡು ತರುತ್ತೀರೆಂದು ನಮ್ಮ ಮಗಳು ಶ್ರೀಯಾ ದೂರುತ್ತಿದ್ದಳು. ನಾನೇನೂ ಹೇಳುವುದಿಲ್ಲ.

ನೀವು ಕಂಪನಿಯ ಎಂಜಿನಿಯರಾಗಿ ಮುಚ್ಚಿಸಿದ ಕಲ್ಲಿದ್ದಲು ಗಣಿಯಲ್ಲಿ ಮತ್ತೆ ಕಾಡು ಬೆಳೆಸುವ ಕೆಲಸ ನಾನು ಒಪ್ಪಿದ್ದೇ ನಿಮ್ಮ ಮೇಲಿನ ಸಿಟ್ಟಿಗೆ. ಕೊನೆಯ ಹೊಂಡಕ್ಕೆ ಮಣ್ಣು ತುಂಬಿಸದೆ, ಒಡ್ಡು ಕಟ್ಟಿ ಕೆರೆಯಾಗಿ ಬಿಟ್ಟು, ಭದ್ರವಾಗಿದೆ ಎಂದು ರುಜು ಹಾಕಿ ಬಂದಿರಿ. ಕಂಪನಿಗಾಗಿ ಸುಳ್ಳು ಬರೆದವರು ಎಂದು ಶ್ರೀಯಾಳ ಎದುರಿಗೇ ಅಂದೆ. ಅನ್ನಬಾರದಿತ್ತು.

ಈಗ ಕೇಳಿ. ನಾನು ಗಿಡ ನೆಡಿಸಿದ ಗುಡ್ಡಗಳು ಹಸಿರಾಗಿವೆ, ಆದರೆ ಹಕ್ಕಿಯ ಸದ್ದಿಲ್ಲ. ಮೀನು, ಮಿಂಚುಳ್ಳಿ, ಬೆಳ್ಳಕ್ಕಿ ಎಲ್ಲ ಬಂದದ್ದು ನಿಮ್ಮ ಹೊಂಡಕ್ಕೆ. ನೀರುನಾಯಿಗಳೂ ಬಂದವು, ಡಿಸೆಂಬರಿನಲ್ಲಿ ಮೂರು ಮರಿಗಳಾದವು. ಸಂತೋಷಪಡಬೇಕೋ ಹೊಟ್ಟೆಕಿಚ್ಚು ಪಡಬೇಕೋ ತಿಳಿಯಲಿಲ್ಲ.

ಹೋದ ವಾರದ ಮಳೆಗೆ ಒಡ್ಡಿನ ಬುಡದಲ್ಲಿ ಕೆಂಪು ನೀರು ಜಿನುಗತೊಡಗಿತು. ಕೆಳಗೆ ಹೊಳೆಯ ದಂಡೆಯಲ್ಲಿ ಇಬಾನ್ ಜನರ ಉದ್ದಮನೆ. ಒಂದೇ ಸೂರಿನಡಿ ಹದಿನೆಂಟು ಸಂಸಾರ, ಒಡ್ಡು ಒಡೆದರೆ ಮೊದಲು ಕೊಚ್ಚಿಹೋಗುವುದು ಅದೇ. ಕೆರೆಯ ನೀರು ಇಳಿಸುವುದಾದರೆ ನಾನೇ ರುಜು ಹಾಕಬೇಕೆಂದರು ಮ್ಯಾನೇಜರು. ಇಳಿಸಿದರೆ ಮರಿಗಳ ಬಿಲ ಬಯಲಾಗುತ್ತದೆ. ಕಾಗದ ಹಿಡಿದು ಬೆಳಗಿನಿಂದ ದಂಡೆಯಲ್ಲೇ ಕೂತೆ. ನಮ್ಮ ಸಸಿಗಳನ್ನು ನೋಡಿಕೊಳ್ಳುವ ಇಂಡಾಯ್ ರೀನಾ, ಅಂದರೆ ಅವರ ಮಾತಿನಲ್ಲಿ ರೀನಾಳ ಅಮ್ಮ, ಆ ಉದ್ದಮನೆಯವರೇ. ಅವರು ಬಂದು ಪಕ್ಕದಲ್ಲಿ ಕೂತು ಮೆಲ್ಲಗೆ ಅಂದರು:

“ನೀರುನಾಯಿ ಇನ್ನೊಂದು ಕೆರೆ ಹುಡ್ಕೊಳ್ಳುತ್ತೆ ಲಾ, ಡಾಕ್ಟರ್. ನಮ್ಮಮ್ಮನಿಗೆ ಎದ್ದು ನಡೆಯೋಕೇ ಆಗಲ್ಲ.”

ರುಜು ಹಾಕಿದೆ. ಜೆಸಿಬಿ ಕಾಲುವೆ ತೋಡಿತು, ನೀರು ಒಂದಾಳುದ್ದ ಇಳಿಯಿತು, ಜಿನುಗುವುದು ನಿಂತಿತು. ಸಂಜೆಗೆ ತಾಯಿ ನೀರುನಾಯಿ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಅಕೇಶಿಯಾ ತೋಪಿನೊಳಗೆ ಹೋಯಿತು. ಎರಡನ್ನು ಒಯ್ದದ್ದು ಕಂಡೆ. ಮೂರನೆಯದು ಕಾಣಲಿಲ್ಲ. ಐದು ದಿನವಾಯಿತು, ಒಂದರ ಸುಳಿವೂ ಇಲ್ಲ. ಮರಿಗಳು ಸಿಕ್ಕವೇ ಎಂದು ದಿನಾ ಮೊದಲು ಕೇಳುವವರೂ ಇಂಡಾಯ್ ರೀನಾರೇ.

ನೀವು ಮಾಡಿದ್ದು ತಪ್ಪಾದರೆ ಅಷ್ಟು ಜೀವ ಅಲ್ಲಿಗೇ ಯಾಕೆ ಬಂತು? ಸರಿಯಾದರೆ ಒಡ್ಡು ಯಾಕೆ ಜಿನುಗಿತು? ಕೂತಲ್ಲಿ ನಿಂತಲ್ಲಿ ಇದೇ ಯೋಚನೆ, ಒಂದೂ ಬಗೆಹರಿಯುತ್ತಿಲ್ಲ. ಉಳಿದ ನೀರನ್ನು ಹಾಗೇ ಬಿಡಬಹುದೇ ಎಂದು ಒಡ್ಡು ಕಟ್ಟಿಸಿದ ನೀವೇ ಬಂದು ನೋಡಿ ಹೇಳಬೇಕು. ಕೆಲಸದ ವಿಷಯ, ಬೇರೇನೂ ಅಲ್ಲ.

ಇಂತಿ,
ವಾರಿಜಾಕ್ಷಿ

ತಾ.ಕ.: ಕೊನೆಯಲ್ಲಿ ಬರೆದದ್ದು ಪೂರ್ತಿ ನಿಜವಲ್ಲ. ಕೂಚಿಂಗ್‌ನಿಂದ ಇನ್ನೊಬ್ಬ ಎಂಜಿನಿಯರು ಮೊನ್ನೆಯೇ ಬಂದು ನೋಡಿ, ಇಷ್ಟು ನೀರು ಇರಲಿ, ಭಯವಿಲ್ಲ ಎಂದು ಬರೆದುಕೊಟ್ಟಿದ್ದಾರೆ. ಆದರೂ ನೀವು ಬನ್ನಿ. ಯಾಕೆಂದು ಮಾತ್ರ ಕೇಳಬೇಡಿ, ನನಗೂ ಗೊತ್ತಿಲ್ಲ.