ಖಾಲಿ ಉಳಿದ ಕಸುಬು

೧೧ ಜನವರಿ ೨೦೦೮, ಶುಕ್ರವಾರ. ಮಧ್ಯಾಹ್ನ ೧

ಕಬ್ಬಿಣದ ಅದಿರು ನೂರಾ ಅರವತ್ತು ತುಂಡು. ಕಾಫಿ ಆರಿಹೋಯಿತು. ಹೆಂಡತಿಗೆ ಆಸ್ಪತ್ರೆಯಲ್ಲಿ ಹಗಲು ಡ್ಯೂಟಿ. ಪಕ್ಕದ ಕುರ್ಚಿಯಲ್ಲಿ ಹಿತಾ, ತನ್ನ ಲ್ಯಾಪ್‌ಟಾಪಿನಲ್ಲಿ ಅದೇ ಬೆಟ್ಟದ ಇನ್ನೊಂದು ಮಗ್ಗುಲಿನಲ್ಲಿ. ಹದಿನಾಲ್ಕು ವರ್ಷದ ಮಗಳು ಅಪ್ಪನ ಪಕ್ಕ ಎರಡು ಗಂಟೆ ಕೂರುವುದು ಈ ಇಂಟರ್ನೆಟ್ ಆಟ ಒಂದರಿಂದಲೇ. ಅದಕ್ಕೇ ನಲವತ್ತೆಂಟನೇ ವಯಸ್ಸಿನಲ್ಲಿ ಗುದ್ದಲಿ ಹಿಡಿದ ಗಡ್ಡದ ಕುಳ್ಳನಾಗಿದ್ದೇನೆ.

ಹನ್ನೊಂದಕ್ಕೆ ಗಿಲ್ಡ್, ಅಂದರೆ ಆಟದೊಳಗಿನ ನಮ್ಮ ತಂಡದ ಮೀಟಿಂಗ್, ಎಲ್ಲರೂ ಹೆಡ್‌ಸೆಟ್ ಹಾಕಿಕೊಂಡು. ಒಂಬತ್ತು ಜನ, ದುಬೈ–ಅಬುಧಾಬಿ ಕನ್ನಡಿಗರು. ಲೀಡರ್ ಆದರ್ಶ — ಬೆಂಗಳೂರಿನವನು, ಬ್ಯಾಂಕಿನಲ್ಲಿ ಐಟಿ. ಒಂದು ಪಾತ್ರಕ್ಕೆ ಎರಡೇ ಕಸುಬು ಕಲಿಯಲು ಅವಕಾಶ. ಹಾಗಾಗಿ ಹಂಚಿಕೊಂಡು ಜೋಡಿಸಬೇಕು. ನಾನು ಅದಿರು ಅಗೆದು ಕಮ್ಮಾರಿಕೆ. ಜುವಾಕಿಂ ಸೊಪ್ಪು ಕಿತ್ತು ಔಷಧಿ. ಹಿತಾ ಬಟ್ಟೆ ಹೊಲಿಯುವುದು, ಆದರ್ಶನ ಗೆಳೆಯ ಧನುಷ್ ಅದಕ್ಕೆ ಮಂತ್ರ ಹಾಕುವುದು. ಸೇರಿಸಿ ಮಾಡಿದ್ದನ್ನು ಹರಾಜಿಗಿಟ್ಟರೆ, ಬಿಡಿಬಿಡಿಯಾಗಿ ಮಾರಿದ್ದಕ್ಕಿಂತ ಮೂರು ಪಟ್ಟು ಚಿನ್ನ.

ಒಂದೇ ಕೊರತೆ. ಚರ್ಮ. ಪ್ರತಿ ಕವಚದ ಒಳಗೆ ತೊಗಲಿನ ಅಸ್ತರು ಬೇಕು. ಸುಲಿಯುವವರಿಲ್ಲ, ಹದ ಮಾಡುವವರಿಲ್ಲ. ಹೊರಗಿನವರು ಹೇಳಿದ ಬೆಲೆಗೆ ಕೊಳ್ಳುತ್ತೇವೆ.

"ನಾನ್‌ವೆಜ್ ತಿನ್ನೋರು ಯಾರಾದ್ರೂ ಸ್ಕಿನ್ನಿಂಗ್ ತಗೊಳ್ರಪ್ಪ" ಎಂದ ಆದರ್ಶ.

"ಎಂತ ಮಾರಾಯ್ರೆ, ನಾನು ಕೋಳಿ ತಿನ್ನುದು ಅಂಗಡಿಯಿಂದ ತಂದು. ಸುಲಿದು ಅಲ್ಲ." ಇದು ಜುವಾಕಿಂ. ಉಡುಪಿ ಕಡೆಯ ಶಿರ್ವದವನು, ಅಬುಧಾಬಿಯಲ್ಲಿ ಹೋಟೆಲ್ ಕೆಲಸ. "ನಿಮ್ಮ ಧನುಷ್ ಈಗಷ್ಟೇ ಮೂವತ್ತು ಹಂದಿ ಕೊಂದ. ಅವನೇ ಸುಲೀಲಿ."

"ಛೀ, ಹೋಗ್ರೀ!" ಎಂದ ಧನುಷ್.

ಎಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಯೋಚನೆ ಬಂತು. ಕೊಲ್ಲುವುದೂ ಮೌಸಿನ ಕ್ಲಿಕ್ಕು, ಸುಲಿಯುವುದೂ ಮೌಸಿನ ಕ್ಲಿಕ್ಕು. ಮೊದಲನೆಯದಕ್ಕೆ ಅಡ್ಡಿಯಿಲ್ಲ. ಎರಡನೆಯದಕ್ಕೆ ಛೀ. ಕಸುಬು ಖಾಲಿ ಉಳಿಯಿತು.

೧೮ ಜನವರಿ, ಶುಕ್ರವಾರ. ಸಂಜೆ

ಆದರ್ಶನ ಮನೆಯಲ್ಲಿ ಸಂಕ್ರಾಂತಿ. ಮೂರು ದಿನ ತಡವಾಗಿ, ರಜೆ ನೋಡಿಕೊಂಡು. ಅವನ ತಾಯಿ ಸುಶೀಲಮ್ಮ ವಿಸಿಟ್ ವೀಸಾದಲ್ಲಿ ಬಂದಿದ್ದಾರೆ.

"ಮೈಸೂರಲ್ಲಿ ಯಾವ ಕಡೆ ನೀವು?"

"ಅಶೋಕಪುರಂ."

"ಓ... ರೈಲ್ವೆ ವರ್ಕ್‌ಶಾಪ್ ಕ್ವಾರ್ಟರ್ಸಾ?"

ಪಾಪ, ಬಾಗಿಲು ತೆರೆದು ಕೊಟ್ಟರು. ಎಷ್ಟೋ ಸಲ ಆ ಬಾಗಿಲಲ್ಲಿ ನುಸುಳಿದ್ದೇನೆ. ಇವತ್ತು ಯಾಕೋ ಕಾಲು ಏಳಲಿಲ್ಲ. "ಅಲ್ಲಮ್ಮ. ಕೇರಿಯಲ್ಲೇ. ಹುಟ್ಟಿದ್ದೇ ಅಲ್ಲಿ."

ಮೈಸೂರು ಕಂಡವರಿಗೆ ಅಶೋಕಪುರಂ ಎಂದರೆ ದಲಿತರ ಕೇರಿ. ಬಿಡಿಸಿ ಹೇಳಬೇಕಿಲ್ಲ. "ಒಳ್ಳೇದಾಯ್ತಪ್ಪ" ಎಂದು ಎಳ್ಳು ಕೊಟ್ಟರು — ಎಲ್ಲರಿಗೂ ಕೊಟ್ಟ ಹಾಗೆಯೇ. ಆದರ್ಶ ಟಿವಿ ಜೋರು ಮಾಡಿದ. ಅಷ್ಟೆ. ಏನೂ ಆಗಲಿಲ್ಲ.

ಹಿತಾ ಬಾಲ್ಕನಿಯಲ್ಲಿದ್ದಳು. ಕೇಳಿಸಿಲ್ಲ. ಅವಳಿಗೆ ಮೈಸೂರು ಎಂದರೆ ಜೂ, ಮತ್ತೆ ಹೊಸ ಬಡಾವಣೆಯ ಅಜ್ಜಿ ಮನೆ. ಈ ವಿಷಯ ಅವಳ ತನಕ ಬರದಿರಲಿ ಎಂದೇ ಹದಿಮೂರು ವರ್ಷದಿಂದ ಈ ಮರಳಿನಲ್ಲಿದ್ದೇನೆ.

೨೦ ಜನವರಿ, ಭಾನುವಾರ. ಆಫೀಸ್, ಊಟದ ಹೊತ್ತು

ಏನೂ ಆಗಲಿಲ್ಲ ಎಂದು ಬರೆದೆನಲ್ಲ. ಈಗ ಆದರ್ಶನ ಫೋನ್ ಬಂತು.

"ಶಾಮ್ ಸರ್, ಒಂದು ಐಡಿಯಾ. ಸ್ಕಿನ್ನಿಂಗ್, ಲೆದರ್ ಎರಡೂ ನೀವೇ ತಗೊಂಡುಬಿಟ್ರೆ?"

"ನನ್ನ ಕಮ್ಮಾರಿಕೆ ಎಂಟು ತಿಂಗಳ ಕೆಲಸ ಆದರ್ಶ. ಹೊಸದು ಹಿಡಿದರೆ ಹಳೇದು ಪೂರ್ತಿ ಅಳಿಸಿಹೋಗುತ್ತೆ. ನಿಮಗೂ ಗೊತ್ತು."

"ಹೌದು ಸರ್. ಆದ್ರೆ... ನಿಮಗಾದ್ರೆ ಅಡ್ಜಸ್ಟ್ ಆಗುತ್ತೆ ಅಂತ."

"ಹೋದ ವಾರದ ಮೀಟಿಂಗಿನಲ್ಲಿ ನನ್ನ ಹೆಸರು ಯಾಕೆ ಬರಲಿಲ್ಲ? ಆಗ ಅಡ್ಜಸ್ಟ್ ಆಗ್ತಿರಲಿಲ್ವಾ?"

"ಅಯ್ಯೋ, ಹಾಗೆಲ್ಲ ತಿಳ್ಕೋಬೇಡಿ ಸರ್."

"ಹೇಗೆಲ್ಲ?"

ಲೈನ್ ಕಟ್. ಸಿಗ್ನಲ್ ಇರಲಿಲ್ಲ ಎಂದು ಆಮೇಲೆ ಮೆಸೇಜು. ದುಬೈ ನಟ್ಟನಡುವಿನ ಶೇಖ್ ಜಾಯೆದ್ ರಸ್ತೆಯಲ್ಲಿ ಸಿಗ್ನಲ್ ಇರಲಿಲ್ಲವಂತೆ!

ಊಟದ ಡಬ್ಬಿ ಮುಚ್ಚಿಟ್ಟೆ. ೧೯೭೧, ಆರನೇ ಕ್ಲಾಸು. ಸ್ಕೂಲಿನ ಅಂಗಳದಲ್ಲಿ ನಾಯಿ ಸತ್ತು ಬಿದ್ದಿತ್ತು. ಮೇಷ್ಟ್ರು ಇಡೀ ಕ್ಲಾಸನ್ನು ಒಂದು ಸಲ ನೋಡಿ ಮೂರು ಹೆಸರು ಕೂಗಿದರು. ಪ್ರೀತಿಯಿಂದಲೇ ಕೂಗಿದರು — "ನೀವಾದ್ರೆ ಜಾಣರಪ್ಪ." ಮೂವರೂ ನಮ್ಮ ಕೇರಿಯವರು. ಎಳೆದು ಹಾಕಿ ಬಂದ ಮೇಲೆ ಪೆಪ್ಪರ್‌ಮಿಂಟ್ ಕೊಟ್ಟರು, ಸ್ವಲ್ಪ ಎತ್ತರದಿಂದ. ಆ ಮೇಷ್ಟ್ರು ಓದಿದ್ದು ಎಸ್ಸೆಸ್ಸೆಲ್ಸಿ. ಈ ಹುಡುಗ ಎಂಬಿಎ. ಕೂಗುವ ರೀತಿಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಸುಲಿಯಬೇಕಾದ ಪ್ರಾಣಿ ಮಾತ್ರ ಈಗ ಇಲ್ಲವೇ ಇಲ್ಲ, ಬರೀ ಬಣ್ಣ, ಬರೀ ಬೆಳಕು. ಆದರೂ ಅದಕ್ಕೊಂದು ಜಾತಿ ಹುಡುಕಿಕೊಂಡರು.

ಆಗುವುದಿಲ್ಲ ಎಂದು ಉತ್ತರ ಕಳಿಸಿದೆ. ಕಾರಣ ಬರೆಯಲಿಲ್ಲ.

೨ ಫೆಬ್ರವರಿ, ಶನಿವಾರ

ಇಂಟರ್ನೆಟ್ ಸತ್ತಿದೆ. ಸಮುದ್ರದೊಳಗೆ ಕೇಬಲ್ ತುಂಡಾಗಿದೆಯಂತೆ. ನಾವಿರುವ ಡಿಸ್ಕವರಿ ಗಾರ್ಡನ್ಸ್ ಬಡಾವಣೆಗೆ ಬಡಾವಣೆಯೇ ಗೊಣಗುತ್ತಿದೆ. ನನಗೆ ನೆಮ್ಮದಿ.

ಹಿತಾ ಗ್ರಾಫ್ ಹಾಳೆಯ ಮೇಲೆ ಏನೋ ಲೆಕ್ಕ ಹಾಕುತ್ತಿದ್ದಾಳೆ. ಕೇಳಿದರೆ "ಸರ್‌ಪ್ರೈಸ್ ಪಪ್ಪಾ" ಅಂತೆ.

೧೫ ಫೆಬ್ರವರಿ, ಶುಕ್ರವಾರ. ಮಧ್ಯಾಹ್ನ



ನೆಟ್ ಬಂದ ಮೇಲಿನ ಮೊದಲ ಮೀಟಿಂಗ್. ಹಿತಾ ಮೈಕ್ ತಗೊಂಡಳು. "ಗೆಸ್ ವಾಟ್! ಐ ಡ್ರಾಪ್ಡ್ ಟೈಲರಿಂಗ್. ಸ್ಕಿನ್ನಿಂಗ್ ಆಂಡ್ ಲೆದರ್ ಈಗ ನಂದು. ಯಾರೂ ಮಾಡ್ತಿಲ್ಲ, ಸೋ ಇಟ್ಸ್ ದ ಬೆಸ್ಟ್ ಗೋಲ್ಡ್!"

 ಆಮೇಲೆ ಧನುಷನ ದನಿ — ಮೈಕ್ ಆಫ್ ಆಗಿದೆ ಎಂದುಕೊಂಡಿದ್ದನೋ, ಆಗದಿದ್ದರೇನು ಎಂದುಕೊಂಡಿದ್ದನೋ: "ನೋಡು ಮಗಾ, ಹೇಳಿಕೊಡೋದೇ ಬೇಡ. ತಾನಾಗೇ ಬಂತು." ನಗು. ಒಬ್ಬನದಲ್ಲ.

"ವಾಟ್ಸ್ ಫನ್ನಿ?" ಎಂದಳು ಹಿತಾ.

"ನಥಿಂಗ್ ಪುಟ್ಟಾ. ಗುಡ್ ಚಾಯ್ಸ್." ಆದರ್ಶ.

ಹೆಡ್‌ಸೆಟ್ ಕಿತ್ತಿಟ್ಟೆ. ಅವಳು ನನ್ನ ಕಡೆ ತಿರುಗಿದಳು. "ಪಪ್ಪಾ, ವೈ ಡಿಡ್ ದೇ ಲಾಫ್?"

ಗೊತ್ತಿಲ್ಲ ಎಂದೆ. ಮನೆ ತುಂಬ ಪುಸ್ತಕ ಇಟ್ಟುಕೊಂಡವನು, ಪತ್ರಿಕೆಗಳಿಗೆ ಪುಟಗಟ್ಟಲೆ ಬರೆದವನು, ಮಗಳ ಎದುರು ಗೊತ್ತಿಲ್ಲ ಎಂದೆ. ಇವತ್ತಿನ ಹೇಸಿಗೆಯಲ್ಲಿ ದೊಡ್ಡ ಪಾಲು ನನ್ನದೇ.

೨೯ ಫೆಬ್ರವರಿ, ಶುಕ್ರವಾರ

ಎರಡು ವಾರ ಬರೆದಿಲ್ಲ. ಬರೆಯುವಂಥದ್ದು ನಡೆಯಲಿಲ್ಲ ಎಂದಲ್ಲ.

ಹಿತಾಳ ಕೈಚಳಕ ನೋಡಬೇಕು. ತೋಳದ ಚರ್ಮ, ಅದಕ್ಕೆ ಜುವಾಕಿಮನ ಔಷಧಿ, ಮೇಲೆ ನನ್ನ ಕಬ್ಬಿಣದ ಮೊಳೆ. ಅವಳು ಕಂಡುಹಿಡಿದ ಜೋಡಣೆ. ಹರಾಜಿನಲ್ಲಿ ಇಟ್ಟ ಗಂಟೆಯೊಳಗೆ ಖಾಲಿ. ಗಿಲ್ಡಿನ ಚಿನ್ನದಲ್ಲಿ ಅರ್ಧ ಈಗ ಅವಳಿಂದ. ಆ ಚಿನ್ನದಲ್ಲಿ ಆದರ್ಶ ಹಾರುವ ಕುದುರೆ ಕೊಂಡ. ಚಿನ್ನಕ್ಕೆ ಮೈಲಿಗೆ ಇಲ್ಲ.

ಹೆಂಡತಿಗೆ ಎಲ್ಲ ಹೇಳಿದೆ. ಯೂನಿಫಾರಂ ಇಸ್ತ್ರಿ ಮಾಡುತ್ತಾ ಕೇಳಿಸಿಕೊಂಡಳು. "ಅವಳಿಗೆ ಹೇಳಿ."

"ಇದರಿಂದ ದೂರ ಇರಲಿ ಅಂತಲೇ ಅಲ್ವೇನೇ ನಾವು ಬಂದದ್ದು?"

"ತಪ್ಪಿಸಿಕೊಂಡು ಬಂದದ್ದು ನೀವು. ಅವಳಲ್ಲ." ಕಾಲರ್ ತಿರುಗಿಸಿ ಇಸ್ತ್ರಿ ಒತ್ತಿದಳು. "ವಾರ್ಡಿನಲ್ಲಿ ನನ್ನನ್ನ ಕೇಳೋದಿಲ್ಲ ಅಂದ್ಕೊಂಡ್ರಾ, ಯಾವ ಕಡೆಯವರು ಅಂತ? ತಿಂಗಳಿಗೊಬ್ಬರು ಕೇಳ್ತಾರೆ. ಹೇಳ್ತೀನಿ, ಇಂಜೆಕ್ಷನ್ ಕೊಡ್ತೀನಿ."

ಇಷ್ಟು ವರ್ಷ ನನಗೆ ಇದನ್ನು ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

೭ ಮಾರ್ಚ್, ಶುಕ್ರವಾರ. ಸಂಜೆ ೬

ಗಿಲ್ಡ್ ಬ್ಯಾಂಕ್ ಎಂದರೆ ಎಲ್ಲರ ಸಾಮಾನು ಒಟ್ಟಿಗೆ ಇಡುವ ಪೆಟ್ಟಿಗೆ. ಅದಿರು, ಸೊಪ್ಪು, ಬಟ್ಟೆ ಎಲ್ಲ ಒಂದೇ ಖಾನೆಯಲ್ಲಿ. ಇವತ್ತು ಆದರ್ಶ ಹೊಸ ಖಾನೆ, ಆಟದ ಭಾಷೆಯಲ್ಲಿ ಟ್ಯಾಬ್, ಕೊಂಡ. ಚರ್ಮಕ್ಕೆ ಮಾತ್ರ. "ಸುಮ್ನೆ ಆರ್ಗನೈಸ್ಡ್ ಆಗಿರಲಿ ಅಂತ."

"ವಾಸ್ನೆ ಬರುತ್ತಲ್ಲ" ಎಂದ ಧನುಷ್.

ಮತ್ತೆ ನಗು.  ಕಂಪ್ಯೂಟರಿನೊಳಗಿನ ಚಿತ್ರಕ್ಕೆ ವಾಸನೆ! ಊರಿನ ಹೋಟೆಲಿನ ಹಿಂಬದಿ ಗೂಡಿನಲ್ಲಿ ನಮ್ಮಪ್ಪನ ಲೋಟ ಬೇರೆ ಇರುತ್ತಿತ್ತು. ಅದು ಕರಗಿ ಹೋಯಿತು ಎಂದುಕೊಂಡಿದ್ದೆ. ಆಟದ ಪೆಟ್ಟಿಗೆಯಲ್ಲಿ ಖಾನೆಯಾಗಿ ಹುಟ್ಟಿದೆ.

ಹಿತಾ ಏನೂ ಅನ್ನಲಿಲ್ಲ. ಅದೇ ಭಯ. ಅವಳು ಸುಮ್ಮನಿರುವವಳಲ್ಲ.

ಐದಕ್ಕೆ ಜುವಾಕಿಂ ಫೋನ್ ಮಾಡಿದ. "ಶಾಮಣ್ಣ, ಮಗಳು ನನ್ನತ್ರ ಕೇಳ್ತಾ ಉಂಟು, ಎಲ್ಲ ಯಾಕೆ ನಗ್ತಾರೆ ಅಂತ. ನಾನು ಎಂತ ಹೇಳುದು?"

"ಏನು ಹೇಳಿದ್ರಿ?"

"ಅಪ್ಪನತ್ರ ಕೇಳು ಅಂದೆ. ನೀವು ಹೇಳ್ಬೇಕು ಮಾರಾಯ್ರೆ, ಬೇಗ. ಇಲ್ಲದ್ರೆ ಆ ಧನುಷ್ ಹೇಳ್ತಾನೆ, ಜೋಕ್ ಮಾಡಿ."

"ಅವತ್ತು ನೀವೂ ನಕ್ಕಿದ್ರಾ?"

 "ಸ್ವಲ್ಪ" ಎಂದ.

೮ ಮಾರ್ಚ್, ಶನಿವಾರ. ಮಧ್ಯಾಹ್ನ ೩

ಹೇಳಿದೆ. ಅರ್ಧ ಗಂಟೆ ಹಿಡಿಯಿತು. ಕೇರಿ, ಸ್ಕೂಲು, ಸುಶೀಲಮ್ಮನ ಪ್ರಶ್ನೆ, ಆದರ್ಶನ ಫೋನು, ಎಲ್ಲ. ಅವಳು ಅಳಲಿಲ್ಲ. ಉಗುರು ನೋಡಿಕೊಳ್ಳುತ್ತಿದ್ದಳು.

"ಸೋ ದಟ್ಸ್ ವೈ ದೇ ಲಾಫ್ಡ್."

"ಹೂಂ."

"ಆಂಡ್ ಯು ನ್ಯೂ. ತ್ರೀ ವೀಕ್ಸ್, ಪಪ್ಪಾ."

 ಏನೋ ಹೇಳಬೇಕೆಂದು ಹೇಳಿದೆ: "ಬೇಡ ಅನ್ನಿಸಿದ್ರೆ ಆ ಕಸುಬು ಬಿಟ್ಟುಬಿಡು. ಗಿಲ್ಡೂ ಬಿಡೋಣ. ಬೇರೆ ಸರ್ವರಿಗೆ ಹೋಗಿ ಹೊಸದಾಗಿ..." ಹೇಳುತ್ತಾ ಹೇಳುತ್ತಾ ನನ್ನ ಮಾತೇ ನನಗೆ ಅಸಹ್ಯವಾಯಿತು. ಮತ್ತೆ ಊರು ಬಿಡುವ ಮಾತು.

"ಬಟ್ ಐ ಆಮ್ ಗುಡ್ ಅಟ್ ಇಟ್" ಎಂದು ಎದ್ದು ಹೋದಳು.

ಸಂಜೆ ೫.೧೦

ಮೀಟಿಂಗ್ ಶುರುವಾಗಿದೆ. ನಾನು ಸೇರಿಲ್ಲ. ಹಾಲಿನಲ್ಲಿ ಕೂತಿದ್ದೇನೆ. ಅವಳ ರೂಮಿನಿಂದ ದನಿ. ಇಂಗ್ಲಿಷ್ ಅಲ್ಲ. ಕನ್ನಡ. ಪದ ಹುಡುಕಿ ಹುಡುಕಿ, ನಿಧಾನವಾಗಿ.

"ಆದರ್ಶ ಅಂಕಲ್, ನನ್ನ ಲೆದರ್‌ಗೆ ಬೇರೆ ಟ್ಯಾಬ್ ಯಾಕೆ?"

...

"ಅಲ್ಲ. ಆರ್ಗನೈಸ್ ಮಾಡೋಕೆ ಅಲ್ಲ. ನಿಜ ಹೇಳಿ."

...

"ನೀವೆಲ್ಲ ಹಾಕ್ಕೊಂಡಿದ್ದೀರಲ್ಲ, ಒಳಗಡೆ ನಾನು ಮಾಡಿದ್ದೇ ಇದೆ. ಅದು ಬೇರೆ ಟ್ಯಾಬಲ್ಲಿ ಇಡ್ತೀರಾ?"

ಈಗ ಅವರು ಏನೋ ಹೇಳುತ್ತಿರಬೇಕು. ನನಗೆ ಕೇಳಿಸುವುದಿಲ್ಲ, ಅವಳ ಕಿವಿಗೆ ಮಾತ್ರ. ಅವಳ ಕುರ್ಚಿ ಕಿರುಗುಟ್ಟಿತು.

"ಯಾರು ಈಗ ನಕ್ಕಿದ್ದು?"

ದನಿ ನಡುಗಿತು. ಒಂದೇ ಸಲ, ಆದರೂ ನಡುಗಿತು. ಆ ಏಳು ಜನರ ಎದುರು ಅವಳೊಬ್ಬಳೇ. ನನ್ನ ಹೆಡ್‌ಸೆಟ್ ಮೇಜಿನ ಮೇಲೆ, ಕೈಗೆ ಎಟುಕುವಷ್ಟು ಹತ್ತಿರ. ನಾನು ಇಲ್ಲಿ ಪೆನ್ನು ಹಿಡಿದು ಅವಳು ಅಂದದ್ದನ್ನೆಲ್ಲ ಬರೆದುಕೊಳ್ಳುತ್ತಾ ಕೂತಿದ್ದೇನೆ. ಸಾಕು, ಹೆಡ್‌ಸೆಟ್ ತಗೊಂಡೆ.